ಕ್ಲಿಕ್ಕಿಸಿದ ಮೇಲೆ ಶುರುವಾಗುವ ಪಾಠ

ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ, ಗರ್ಭಗುಡಿಯ ಹಿಂಭಾಗಕ್ಕೆ ಒಂದು ಕತ್ತಲೆ ಕೋಣೆಯಿದೆ. ಅದರ ಗೋಡೆಯ ಕಿಂಡಿಯಿಂದ ಒಳಗೆ ಬರುವ ಬೆಳಕು ಎದುರು ಗೋಡೆಯ ಮೇಲೆ ಒಂಬತ್ತು ಅಂತಸ್ತಿನ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಶೈಕ್ಷಣಿಕ ಪ್ರವಾಸಕ್ಕೆ ಹೋದಾಗ ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಅಲ್ಲಿ ಐದು ನಿಮಿಷ ನಿಂತಿದ್ದರು. ಶಾಲೆಯ ಪುಟ್ಟ ಕ್ಯಾಮೆರಾ ಕೈಯಿಂದ ಕೈಗೆ ಓಡಾಡಿತು. ಊರಿಗೆ ಮರಳಿದ ಮೇಲೆ ತರಗತಿಯಲ್ಲಿ ಕೇಳಿದೆ: ಗೋಪುರ ತಲೆಕೆಳಗಾಗಿ ಕಂಡದ್ದೇಕೆ? ಕಿಂಡಿ ಎಷ್ಟು ದೊಡ್ಡದಿತ್ತು? ಅದು ಯಾವ ಗೋಡೆಯಲ್ಲಿತ್ತು? ಯಾರೂ ಬಾಯಿ ಬಿಡಲಿಲ್ಲ. “ಫೋಟೋ ಇದೆಯಲ್ಲ ಸರ್, ನೋಡಿ ಹೇಳುತ್ತೇವೆ” ಎಂದಳು ಒಬ್ಬ ಹುಡುಗಿ. ನೋಡಿದೆವು. ಫೋಟೋಗಳಲ್ಲಿ ಗೋಪುರವಿತ್ತು, ಅದರ ಮುಂದೆ ಮಕ್ಕಳ ನಗುಮುಖಗಳಿದ್ದವು. ಕಿಂಡಿ ಒಂದರಲ್ಲೂ ಇರಲಿಲ್ಲ.

ಇದು ನಮ್ಮ ಮಕ್ಕಳ ದೋಷವಲ್ಲ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ಅವರು ವಿದ್ಯಾರ್ಥಿಗಳನ್ನು ಕಲಾ ಸಂಗ್ರಹಾಲಯದೊಳಗೆ ಸುತ್ತಾಡಿಸಿ, ಕೆಲವು ವಸ್ತುಗಳನ್ನು ಬರಿಗಣ್ಣಿನಿಂದ ನೋಡಲು, ಕೆಲವನ್ನು ಫೋಟೋ ತೆಗೆಯಲು ಹೇಳಿದರು. ಮರುದಿನ ವಿಚಾರಿಸಿದಾಗ, ಫೋಟೋ ತೆಗೆದ ವಸ್ತುಗಳಿಗಿಂತ ಸುಮ್ಮನೆ ನೋಡಿದ ವಸ್ತುಗಳೇ ಅವರಿಗೆ ಚೆನ್ನಾಗಿ ನೆನಪಿದ್ದವು. ನೆನಪಿಟ್ಟುಕೊಳ್ಳುವ ಹೊಣೆಯನ್ನು ಮನಸ್ಸು ಯಂತ್ರಕ್ಕೆ ವಹಿಸಿಬಿಡುತ್ತದೆ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ, ಶಿಕ್ಷಕರಿಗೆ ಬೇಕಾದದ್ದು ಅದು. ವಸ್ತುವಿನ ಒಂದು ಭಾಗವನ್ನು ಜೂಮ್ ಮಾಡಿ ತೆಗೆಯಲು ಹೇಳಿದಾಗ ಈ ಮರೆವು ಕಾಣಿಸಲಿಲ್ಲ. ಯಾವುದನ್ನು ತೆಗೆಯಬೇಕು, ಎಷ್ಟು ಹತ್ತಿರದಿಂದ ಎಂದು ಯೋಚಿಸುವುದೇ ಗಮನವನ್ನು ಮತ್ತೆ ವಸ್ತುವಿನತ್ತ ಎಳೆದು ತಂದಿತ್ತು.

ನಮ್ಮ ಶಾಲೆಗಳಲ್ಲಿ ಕ್ಯಾಮೆರಾ ಇಲ್ಲವೆಂದಲ್ಲ. ಪ್ರತಿ ಶಿಕ್ಷಕರ ಜೇಬಿನಲ್ಲೂ ಒಂದಿದೆ, ದಿನವೂ ಅದರಿಂದ ಫೋಟೋ ತೆಗೆಯುತ್ತೇವೆ: ಬಿಸಿಯೂಟ ಬಡಿಸಿದ್ದು, ಗಿಡ ನೆಟ್ಟದ್ದು, ಜಯಂತಿ ಆಚರಿಸಿದ್ದು. ಮೇಲಿನವರಿಗೆ ಕಳುಹಿಸುವ ಪುರಾವೆಗಳು ಅವು. ಪುರಾವೆಯ ಫೋಟೋ ಕಳುಹಿಸಿದ ಕೂಡಲೇ ಅದರ ಕೆಲಸ ಮುಗಿಯುತ್ತದೆ, ಅದನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಕಲಿಕೆಯ ಫೋಟೋ ಇದಕ್ಕೆ ತದ್ವಿರುದ್ಧ. ಅದನ್ನು ತೆಗೆದ ಮೇಲೆ ಕೆಲಸ ಶುರು. ಒಂದೇ ಕ್ಯಾಮೆರಾದ ಈ ಎರಡು ಬಳಕೆಗಳ ನಡುವಿನ ಅಂತರ ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಕಿಂಡಿಯಿಂದ ಅಂಕಿಗಳವರೆಗೆ

ಹಂಪಿಯ ಗೋಡೆಯ ಮೇಲೆ ಬೀಳುವುದನ್ನು ಎಲ್ಲರೂ ನೆರಳು ಎನ್ನುತ್ತೇವೆ. ನೆರಳೆಂದರೆ ಬೆಳಕು ತಡೆದ ಜಾಗ. ಇದು ಗೋಪುರದಿಂದಲೇ ಹೊರಟು ಬಂದ ಬೆಳಕು, ಹಾಗಾಗಿ ಇದು ಬಿಂಬ. ಬೆಳಕು ನೇರ ಗೆರೆಯಲ್ಲಿ ಸಾಗುವುದರಿಂದ ಕಳಸದ ಕಡೆಯ ಕಿರಣ ಕಿಂಡಿ ದಾಟಿ ಗೋಡೆಯ ಕೆಳಭಾಗಕ್ಕೆ ಹೋಗಿ ಬೀಳುತ್ತದೆ, ಬುಡದ ಕಡೆಯದು ಮೇಲಕ್ಕೆ. ಕಿಂಡಿ ಚಿಕ್ಕದಾದಷ್ಟೂ ಕಿರಣಗಳು ಒಂದರೊಡನೊಂದು ಬೆರೆಯದೆ ಬಿಂಬ ಸ್ಪಷ್ಟವಾಗುತ್ತದೆ, ಆದರೆ ಅದರ ಬೆಳಕು ಕಡಿಮೆಯಾಗುತ್ತದೆ. ಚಪ್ಪಲಿಯ ರಟ್ಟಿನ ಡಬ್ಬಿಯೊಂದರ ಒಂದು ಬದಿಗೆ ಸೂಜಿಯಿಂದ ತೂತು ಮಾಡಿ, ಎದುರು ಬದಿಯನ್ನು ಕತ್ತರಿಸಿ ಎಣ್ಣೆ ಸವರಿದ ಕಾಗದ ಅಂಟಿಸಿದರೆ ಇದೇ ಕೋಣೆ ಕೈಗೆ ಬರುತ್ತದೆ. ತಲೆಯ ಮೇಲೆ ಕಂಬಳಿ ಹೊದ್ದು, ಶಾಲೆಯ ಮುಂದಿನ ಧ್ವಜಸ್ತಂಭ ಕಾಗದದ ಮೇಲೆ ತಲೆಕೆಳಗಾಗಿ ನಿಂತದ್ದನ್ನು ಮಕ್ಕಳು ಒಬ್ಬೊಬ್ಬರಾಗಿ ನೋಡುವಾಗ ಕಂಬಳಿಯೊಳಗಿನಿಂದ ಬರುವ ಉದ್ಗಾರವನ್ನು ಒಮ್ಮೆ ಕೇಳಬೇಕು. ಕ್ಯಾಮೆರಾದಲ್ಲಿ ತೂತಿನ ಜಾಗಕ್ಕೆ ಮಸೂರ ಬಂದಿದೆ. ಹೆಚ್ಚು ಬೆಳಕನ್ನು ಒಳಗೆ ಬಿಟ್ಟುಕೊಂಡೂ ಕಿರಣಗಳನ್ನು ಸರಿಯಾದ ಜಾಗಕ್ಕೆ ಸೇರಿಸುವುದು ಅದರ ಕೆಲಸ.

ಎಣ್ಣೆ ಕಾಗದದ ಜಾಗಕ್ಕೆ ಬಂದದ್ದು ಸಿಲಿಕಾನ್ ಬಿಲ್ಲೆ. ಅದರ ಮೇಲೆ ಲಕ್ಷಾಂತರ ಪುಟ್ಟ ಚೌಕಗಳಿವೆ. ಬೆಳಕು ಬಿದ್ದಾಗ ಪ್ರತಿ ಚೌಕದಲ್ಲೂ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ಹೆಚ್ಚು ಬೆಳಕಿಗೆ ಹೆಚ್ಚು. ಮಳೆ ಬರುವಾಗ ಅಂಗಳದ ತುಂಬ ಲೋಟಗಳನ್ನು ಸಾಲಾಗಿ ಇಟ್ಟು, ಆಮೇಲೆ ಯಾವ ಲೋಟದಲ್ಲಿ ಎಷ್ಟು ನೀರಿದೆ ಎಂದು ಅಳೆದು ಬರೆದುಕೊಂಡಂತೆ. ಬೆಳಕನ್ನು ಹೀಗೆ ಹಿಡಿಯುವ ಬಿಲ್ಲೆಗೆ ದಾರಿ ಮಾಡಿದ್ದು 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್. 2009ರ ಭೌತವಿಜ್ಞಾನ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. 1975ರಲ್ಲಿ ಕೊಡಾಕ್ ಕಂಪನಿಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಇಂಥ ಬಿಲ್ಲೆಯಿಂದ ಕಟ್ಟಿದ ಕ್ಯಾಮೆರಾ ಸುಮಾರು 3.6 ಕಿಲೋ ತೂಗುತ್ತಿತ್ತು. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ಚಿತ್ರದಲ್ಲಿ ಇದ್ದದ್ದು 100 ಸಾಲು, ಸಾಲಿಗೆ 100 ಚುಕ್ಕಿ, ಅಂದರೆ ಒಟ್ಟು 10,000. ಇಂದಿನ 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಗಲಕ್ಕೆ 4,000, ಎತ್ತರಕ್ಕೆ 3,000, ಒಟ್ಟು 1 ಕೋಟಿ 20 ಲಕ್ಷ ಚುಕ್ಕಿಗಳಿರುತ್ತವೆ.

ಈ ಅಂಕಿಗಳನ್ನು ಕಪ್ಪು ಹಲಗೆಯ ಮೇಲೆ ಬರೆದರೆ ಮಕ್ಕಳು ನಕಲು ಮಾಡಿಕೊಳ್ಳುತ್ತಾರೆ, ಅಷ್ಟೆ. ನಾನು ಬೇರೆ ದಾರಿ ಹಿಡಿಯುತ್ತೇನೆ. ತರಗತಿಯನ್ನು ಎರಡು ಗುಂಪು ಮಾಡಿ ಒಂದನ್ನು ಪಕ್ಕದ ಕೋಣೆಗೆ ಕಳುಹಿಸುತ್ತೇನೆ. ಇಲ್ಲಿ ಉಳಿದವರ ಮುಂದೆ, ಬಿಳಿ ಗೋಡೆಗೆ ಎದುರಾಗಿ ಒಂದು ಹಿತ್ತಾಳೆ ಬಿಂದಿಗೆ. ಪಾರದರ್ಶಕ ಹಾಳೆಯ ಮೇಲೆ ಗೆರೆ ಎಳೆದ 10ಕ್ಕೆ 10ರ ಚೌಕಳಿಯ ಮೂಲಕ ಅದನ್ನು ನೋಡಿ, ಪ್ರತಿ ಚೌಕ ಎಷ್ಟು ಕಪ್ಪಾಗಿದೆ ಎನ್ನುವುದಕ್ಕೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಕೊಡಬೇಕು. ಬಾಗಿಲಲ್ಲಿ ನಿಂತ ಹುಡುಗ ಒಂದೊಂದೇ ಸಾಲನ್ನು ಕೂಗುತ್ತಾನೆ: ಸೊನ್ನೆ, ಸೊನ್ನೆ, ಸೊನ್ನೆ, ಎರಡು, ಏಳು, ಏಳು, ಎರಡು… ಬಿಂದಿಗೆಯನ್ನು ನೋಡದ ಗುಂಪು ಗ್ರಾಫ್ ಹಾಳೆಯಲ್ಲಿ ಪೆನ್ಸಿಲಿನಿಂದ ಅಷ್ಟಷ್ಟೇ ಕಪ್ಪು ತುಂಬುತ್ತ ಹೋಗುತ್ತದೆ. ಏಳನೇ ಸಾಲಿನ ಹೊತ್ತಿಗೆ ಆ ಕೋಣೆಯಿಂದ “ಕೊಡ! ಅಲ್ಲ, ಮಡಕೆ!” ಎಂಬ ಗದ್ದಲ ಕೇಳಿಸುತ್ತದೆ. 10ಕ್ಕೆ 10ರಲ್ಲಿ ಬಿಂದಿಗೆಗೂ ಮಡಕೆಗೂ ವ್ಯತ್ಯಾಸ ತಿಳಿಯುವುದಿಲ್ಲ. 20ಕ್ಕೆ 20 ಮಾಡಿದರೆ ಕಂಠದ ಅಂಚು ಕಾಣಿಸುತ್ತದೆ, ಆದರೆ ಕೂಗಬೇಕಾದ ಅಂಕಿಗಳು 100ರಿಂದ 400ಕ್ಕೆ ಏರುತ್ತವೆ, ಕೂಗುವವನ ಗಂಟಲು ಒಣಗುತ್ತದೆ. ಪಿಕ್ಸೆಲ್ ಎಂದರೇನು, ಫೋಟೋ ಕಳುಹಿಸುವುದು ಎಂದರೇನು, ದೊಡ್ಡ ಫೋಟೋ ಹೋಗಲು ಏಕೆ ತಡವಾಗುತ್ತದೆ ಎನ್ನುವ ಮೂರೂ ಪ್ರಶ್ನೆಗಳು ಒಂದೇ ಅವಧಿಯಲ್ಲಿ ಬಗೆಹರಿಯುತ್ತವೆ. ಮೊದಲ ದಿನ ಇದಕ್ಕೆ ಕ್ಯಾಮೆರಾವನ್ನು ಹೊರಗೆ ತೆಗೆಯುವುದೇ ಬೇಡ.

ಬಣ್ಣದ ಸರದಿ ಮರುದಿನ. ಮೊಬೈಲಿನ ಪರದೆಯಲ್ಲಿ ಬಿಳಿ ಪುಟ ತೆರೆದು, ಬೆರಳ ತುದಿಯಿಂದ ಸಾಸಿವೆ ಕಾಳಿಗಿಂತ ಚಿಕ್ಕದೊಂದು ನೀರಿನ ಹನಿ ಇಟ್ಟರೆ ಅದು ಭೂತಗನ್ನಡಿಯಾಗುತ್ತದೆ. ಒಳಗೆ ಕೆಂಪು, ಹಸಿರು, ನೀಲಿ ಚುಕ್ಕಿಗಳು ಕಾಣುತ್ತವೆ, ಬಿಳಿ ಎಲ್ಲೂ ಇರುವುದಿಲ್ಲ. ಹಳದಿ ಪುಟ ತೆರೆದರೆ ಕೆಂಪು ಮತ್ತು ಹಸಿರು ಮಾತ್ರ ಉರಿಯುತ್ತಿರುತ್ತವೆ. ಬಣ್ಣದ ಡಬ್ಬಿಯಲ್ಲಿ ಕೆಂಪು, ಹಸಿರು ಕಲಸಿದರೆ ಕೆಸರು ಬಣ್ಣ ಬರುವುದನ್ನು ಕಂಡ ಮಕ್ಕಳಿಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಬಣ್ಣದ ಪುಡಿ ಬೆಳಕನ್ನು ನುಂಗುತ್ತದೆ, ಪರದೆ ಬೆಳಕನ್ನು ಕೂಡಿಸುತ್ತದೆ ಎಂದು ಆಗ ವಿವರಿಸಿದರೆ ಮನಸ್ಸಿಗೆ ಇಳಿಯುತ್ತದೆ. ಕ್ಯಾಮೆರಾ ಬಿಲ್ಲೆಯ ಚೌಕಗಳ ಮೇಲೂ ಇದೇ ಮೂರು ಬಣ್ಣಗಳ ಸೋಸುಪದರ ಇರುತ್ತದೆ. 1976ರಲ್ಲಿ ಪೇಟೆಂಟ್ ಪಡೆದ, ಕೊಡಾಕ್‌ನ ಬ್ರೈಸ್ ಬೇಯರ್ ಅವರ ವಿನ್ಯಾಸದಲ್ಲಿ ಅರ್ಧದಷ್ಟು ಚೌಕಗಳು ಹಸಿರಿಗೇ ಮೀಸಲು, ಏಕೆಂದರೆ ನಮ್ಮ ಕಣ್ಣು ಹೆಚ್ಚು ಸೂಕ್ಷ್ಮವಾಗಿರುವುದು ಹಸಿರಿನ ಸುತ್ತಲಿನ ಬೆಳಕಿಗೆ.

ಓಡುವ ಸಮಯವನ್ನು ಹಿಡಿದು ನಿಲ್ಲಿಸುವುದು

1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಕುದುರೆಯ ಓಟದ ಹಾದಿಯುದ್ದಕ್ಕೂ ಕ್ಯಾಮೆರಾಗಳ ಸಾಲು ಹೂಡಿ, ಓಡುವ ಕುದುರೆಯ ನಾಲ್ಕೂ ಕಾಲುಗಳು ಒಂದು ಕ್ಷಣ ನೆಲ ಬಿಟ್ಟಿರುತ್ತವೆ ಎಂದು ತೋರಿಸಿದರು. ಕಣ್ಣಿಗೆ ಕಾಣದ್ದನ್ನು ಕ್ಯಾಮೆರಾ ಕಂಡಿತು. ಇಂದು ಸಾಧಾರಣ ಮೊಬೈಲ್ ಕೂಡ ಸೆಕೆಂಡಿಗೆ 30 ಚೌಕಟ್ಟುಗಳ, ಅಂದರೆ 30 ಬಿಡಿ ಚಿತ್ರಗಳ, ವಿಡಿಯೊ ತೆಗೆಯುತ್ತದೆ. ಭೌತವಿಜ್ಞಾನದ ಶಿಕ್ಷಕರಿಗೆ ಇದಕ್ಕಿಂತ ಅಗ್ಗದ ಗಡಿಯಾರ ಸಿಗಲಾರದು.

ಮುಕ್ತ ಪತನದ ಪಾಠವನ್ನೇ ತೆಗೆದುಕೊಳ್ಳಿ. ಶಾಲೆಯ ಹೊರಗೋಡೆಯ ಮೇಲೆ ಒಂದೂವರೆ ಮೀಟರ್ ಎತ್ತರಕ್ಕೆ ಐದೈದು ಸೆಂಟಿಮೀಟರಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಒಬ್ಬರು ಮೇಲಿನ ಗೆರೆಯಿಂದ ಚೆಂಡನ್ನು ಬಿಡಲಿ, ಇನ್ನೊಬ್ಬರು ವಿಡಿಯೊ ತೆಗೆಯಲಿ. ಆಮೇಲೆ ಚೌಕಟ್ಟು ಚೌಕಟ್ಟಾಗಿ ಸರಿಸುತ್ತ, ಪ್ರತಿ ಮೂರನೆಯದರಲ್ಲಿ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ, ಚೆಂಡು ಯಾವ ಗೆರೆಯಲ್ಲಿದೆ ಎಂದು ಬರೆದುಕೊಳ್ಳಬೇಕು. ಲೆಕ್ಕದ ಪ್ರಕಾರ ಚೆಂಡು ಮೊದಲ ಭಾಗದಲ್ಲಿ 4.9 ಸೆಂ.ಮೀ., ಎರಡನೆಯದರಲ್ಲಿ 14.7, ಮೂರನೆಯದರಲ್ಲಿ 24.5, ಆಮೇಲೆ 34.3, ಕೊನೆಗೆ 44.1 ಸೆಂ.ಮೀ. ಬೀಳಬೇಕು. ಮಕ್ಕಳ ಅಳತೆ ಒಂದೆರಡು ಸೆಂಟಿಮೀಟರ್ ಆಚೀಚೆಯಾದರೂ ಎಲ್ಲವನ್ನೂ ಮೊದಲನೆಯದರಿಂದ ಭಾಗಿಸಿ ನೋಡಿದಾಗ ಹೆಚ್ಚುಕಡಿಮೆ 1, 3, 5, 7, 9 ಎದುರಿಗೆ ನಿಲ್ಲುತ್ತವೆ. ಬೆಸ ಸಂಖ್ಯೆಗಳು! ನಾನೂರು ವರ್ಷಗಳ ಹಿಂದೆ ಗೆಲಿಲಿಯೊ ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ, ಪಾತ್ರೆಯಿಂದ ಸೋರಿದ ನೀರನ್ನು ತೂಗಿ ಸಮಯ ಅಳೆದು ಕಂಡುಕೊಂಡ ನಿಯಮ ಇದೇ. ವೇಗೋತ್ಕರ್ಷದ ಸೂತ್ರವನ್ನು ಬಾಯಿಪಾಠ ಮಾಡಿದ ಹುಡುಗನಿಗೂ ಸ್ವಂತ ಅಳತೆಯಿಂದ ಬೆಸ ಸಂಖ್ಯೆಗಳನ್ನು ಹೊರಗೆಳೆದ ಹುಡುಗನಿಗೂ ಇರುವ ವ್ಯತ್ಯಾಸ ಅವರ ಮುಖದಲ್ಲೇ ಗೊತ್ತಾಗುತ್ತದೆ.

ಇದು ಕೆಡುವ ದಾರಿಗಳೂ ಇವೆ, ಅವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕೋಣೆಯೊಳಗೆ ತೆಗೆದರೆ ಬೆಳಕು ಸಾಲದೆ ಕ್ಯಾಮೆರಾ ಪ್ರತಿ ಚೌಕಟ್ಟಿಗೂ ಹೆಚ್ಚು ಹೊತ್ತು ಕಣ್ಣು ತೆರೆದಿಡುತ್ತದೆ. ಅಷ್ಟರಲ್ಲಿ ಚೆಂಡು ಹಲವು ಸೆಂಟಿಮೀಟರ್ ಜಾರಿ, ಚೆಂಡಿನ ಬದಲು ಉದ್ದನೆಯ ಮಸುಕು ಗೆರೆ ಸಿಗುತ್ತದೆ. ಅದಕ್ಕೇ ಹೊರಗಿನ ಗೋಡೆ, ಬೆಳಗಿನ ಬಿಸಿಲು. ಕ್ಯಾಮೆರಾ ಗೋಡೆಗೆ ತೀರ ಹತ್ತಿರವಿದ್ದರೆ ಮೇಲಿನ ಮತ್ತು ಕೆಳಗಿನ ಗೆರೆಗಳನ್ನು ಓರೆಯಾಗಿ ನೋಡಿದಂತಾಗಿ ಅಳತೆ ತಪ್ಪುತ್ತದೆ. ಮೂರು ಮೀಟರ್ ಹಿಂದೆ ಸರಿದು, ಗೆರೆಗಳ ನಡುಮಟ್ಟಕ್ಕೆ ಕ್ಯಾಮೆರಾ ಇಟ್ಟು, ಚೆಂಡನ್ನು ಗೋಡೆಗೆ ಒತ್ತಿಕೊಂಡಂತೆ ಬಿಡಬೇಕು. ಕೈ ಚೆಂಡನ್ನು ಬಿಟ್ಟ ಕ್ಷಣ ಎರಡು ಚೌಕಟ್ಟುಗಳ ನಡುವೆ ಬಿದ್ದರೆ ಮೊದಲ ಅಳತೆ ಸ್ವಲ್ಪ ಕೆಡುತ್ತದೆ, ಅದರಿಂದಲೇ ಭಾಗಿಸುವುದರಿಂದ ಉಳಿದವೂ ಏರುಪೇರಾಗುತ್ತವೆ. ಏಕೆ ಹೀಗಾಯಿತು ಎಂದು ಮಕ್ಕಳೇ ಹುಡುಕಲಿ. ಆ ಹುಡುಕಾಟಕ್ಕೆ ಒಂದು ಅವಧಿ ಹೋದರೆ ನಷ್ಟವಿಲ್ಲ.

ಇನ್ನು ಸಮಯವನ್ನು ಕುಗ್ಗಿಸುವುದು. ಗಾಜಿನ ಲೋಟದೊಳಗೆ ಒದ್ದೆ ಹತ್ತಿ, ಹತ್ತಿಗೂ ಗಾಜಿಗೂ ನಡುವೆ ಅಲಸಂದೆ ಕಾಳು, ಎದುರಿಗೆ ಇಟ್ಟಿಗೆಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿದ ಹಳೆಯ ಮೊಬೈಲ್. ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ 144 ಫೋಟೋ. ಸೆಕೆಂಡಿಗೆ 24ರಂತೆ ಓಡಿಸಿದರೆ ಒಂದು ದಿನ ಆರು ಸೆಕೆಂಡಿಗೆ ಇಳಿಯುತ್ತದೆ. ಕಾಳನ್ನು ಬೇರು ಮೇಲಾಗುವಂತೆ ತಿರುಗಿಸಿಟ್ಟರೂ ಬೇರು ಬಾಗಿ ಕೆಳಕ್ಕೇ ಹೋಗುವುದು ಆಗ ಕಣ್ಣಿಗೆ ಬೀಳುತ್ತದೆ. ವಿದ್ಯುತ್ ಕೈಕೊಡುವ ಊರುಗಳಲ್ಲಿ ರಾತ್ರಿಯ ಭಾಗ ಕತ್ತರಿಸಿಹೋಗುತ್ತದೆ, ಅದಕ್ಕೆ ಮಾಡುವುದೇನೂ ಇಲ್ಲ. ಟಿ.ವಿ. ರಿಮೋಟಿನ ತುದಿಯನ್ನು ಮೊಬೈಲಿನ ಮುಂಭಾಗದ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿದಾಗ ಹಲವು ಮೊಬೈಲುಗಳಲ್ಲಿ ಬಿಳಿ ಅಥವಾ ನೇರಳೆ ಬೆಳಕು ಮಿನುಗುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣ ಸಿಲಿಕಾನಿಗೆ ಕಾಣುತ್ತದೆ ಎನ್ನಲು ಇಷ್ಟು ಸಾಕು.

ಸಮಾಲೋಚನಾ ಸಭೆಯಲ್ಲಿ ಸಿಕ್ಕಿದ್ದು

ನಾನು ವಿಜ್ಞಾನದವನು, ಕ್ಯಾಮೆರಾ ವಿಜ್ಞಾನದ ಸಾಧನ ಎಂದೇ ಬಹುಕಾಲ ತಿಳಿದಿದ್ದೆ. ಆ ತಿಳಿವಳಿಕೆಯನ್ನು ಅಗಲಿಸಿದವರು, ಚಿಕ್ಕ ಮಕ್ಕಳಿಗೆ ಚಟುವಟಿಕೆಯಿಂದ ಕಲಿಸುವ ನಲಿ–ಕಲಿ ತರಗತಿಯ ಒಬ್ಬ ಶಿಕ್ಷಕಿ. ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಅವರು ಐದು ಫೋಟೋಗಳನ್ನು ಮೇಜಿನ ಮೇಲೆ ಹರಡಿದರು. ಅಡುಗೆಯವರು ಅಕ್ಕಿ ಆರಿಸುವುದು, ತೊಳೆಯುವುದು, ಒಲೆಯ ಮೇಲಿನ ಪಾತ್ರೆ, ಬಡಿಸುವ ಸೌಟು, ಖಾಲಿ ತಟ್ಟೆ. ಪುರಾವೆಗೆಂದು ತೆಗೆಯುವ ಅದೇ ಬಿಸಿಯೂಟ, ಆದರೆ ಇಲ್ಲಿ ಅದು ಭಾಷೆಯ ಪಾಠ. ಒಂದನೇ ತರಗತಿಯ ಮಕ್ಕಳು ಕಲಸಿಟ್ಟ ಫೋಟೋಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ಕಥೆ ಹೇಳಬೇಕು: ಮೊದಲು ಆರಿಸಿದರು, ಆಮೇಲೆ ತೊಳೆದರು, ಕೊನೆಗೆ ಉಂಡೆವು. ಬರೆಯಲು ಬಾರದ ಮಗು ಹೇಳುತ್ತದೆ, ಟೀಚರ್ ಅದರ ಮಾತನ್ನೇ ಫೋಟೋ ಕೆಳಗೆ ಬರೆಯುತ್ತಾರೆ, ಮಗು ತನ್ನದೇ ಮಾತನ್ನು ಓದುತ್ತದೆ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿಗೂ ಇಲ್ಲಿ ಮೊದಲ ದಿನದಿಂದಲೇ ಹೇಳಲು ಏನೋ ಇರುತ್ತದೆ, ಏಕೆಂದರೆ ಆ ಅಡುಗೆಮನೆ ಅದಕ್ಕೆ ಗೊತ್ತು. ಸಭೆಯಲ್ಲಿದ್ದ ಗಣಿತ ಶಿಕ್ಷಕರು ಮನೆಮುಂದಿನ ಚುಕ್ಕಿ ರಂಗೋಲಿಯ ಫೋಟೋ ತರಿಸಿ ಅದರ ಮೇಲೆ ಸಮಮಿತಿಯ ಅಕ್ಷ ಎಳೆಸುವುದಾಗಿ ಹೇಳಿದರು. ಅದೂ ಚೆನ್ನ.

ಮಗುವಿನ ಕೈಗೆ ಕ್ಯಾಮೆರಾ ಕೊಟ್ಟು ಅದರ ಲೋಕವನ್ನು ಅದರಿಂದಲೇ ಹೇಳಿಸುವ ಕೆಲಸಕ್ಕೆ ದೊಡ್ಡ ಪರಂಪರೆಯಿದೆ. ಛಾಯಾಗ್ರಾಹಕಿ ವೆಂಡಿ ಇವಾಲ್ಡ್ 1970ರ ದಶಕದ ಮಧ್ಯದಲ್ಲಿ ಅಮೆರಿಕದ ಕೆಂಟಕಿಯ ಗುಡ್ಡಗಾಡಿನ ಮಕ್ಕಳಿಗೆ ಕ್ಯಾಮೆರಾ ಕೊಟ್ಟು ತಮ್ಮನ್ನು, ತಮ್ಮ ಮನೆಯವರನ್ನು, ತಮ್ಮ ಕನಸುಗಳನ್ನು ತೆಗೆಯಲು ಹೇಳಿದರು, ಅದರ ಬಗ್ಗೆ ಬರೆಸಿದರು. 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿಯ ಹೆಂಗಸರೊಡನೆ ಇದನ್ನೇ ಬೇರೆ ಉದ್ದೇಶಕ್ಕೆ ಬಳಸಿದರು. ತಮ್ಮ ಬದುಕಿನ, ಆರೋಗ್ಯದ ತೊಂದರೆಗಳನ್ನು ಹೆಂಗಸರೇ ಫೋಟೋ ತೆಗೆದು, ಕೂಡಿ ಚರ್ಚಿಸಿ, ತೀರ್ಮಾನ ಕೈಗೊಳ್ಳುವವರ ಮುಂದಿಟ್ಟರು. ಸಮಾಜ ವಿಜ್ಞಾನದ ತರಗತಿಗೆ ಇದು ಹೇಳಿ ಮಾಡಿಸಿದಂತಿದೆ. “ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಬದಲಾಗಬೇಕಾದ ಒಂದು ಸಂಗತಿ” ಎಂದು ವಿಷಯ ಕೊಟ್ಟಾಗ ಒಬ್ಬ ಹುಡುಗಿ ತಂದದ್ದು ಚಿಲಕವಿಲ್ಲದ ಬಾಗಿಲಿನ ಫೋಟೋ. ಹುಡುಗಿಯರ ಶೌಚಾಲಯದ್ದು. ನಾವೆಲ್ಲ ದಿನವೂ ಅದರ ಮುಂದೆ ಓಡಾಡುತ್ತಿದ್ದೆವು. ಅವಳ ಒಪ್ಪಿಗೆ ಪಡೆದು ಆ ಫೋಟೋವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇಟ್ಟೆವು. ಅದೇ ವಾರ ಚಿಲಕ ಬಂತು.

ಮಕ್ಕಳ ಮುಖ

ಇಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ಪಾಠಕ್ಕೆ ಬೇಕಾದ ಫೋಟೋಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಮಗುವಿನ ಮುಖ ಬೇಕಾಗಿಲ್ಲ. ಚೆಂಡು, ಕಾಳು, ಬಾಗಿಲು, ಕೈ ಸಾಕು. ಮುಖವಿರುವ ಫೋಟೋ ತರಗತಿಯ ಗೋಡೆ ದಾಟಿ ಹೊರಗೆ ಹೋಗಬೇಕಾದರೆ ತಂದೆ–ತಾಯಿಯ ಲಿಖಿತ ಒಪ್ಪಿಗೆ ಬೇಕು, ಮಗುವನ್ನೂ ಕೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನಾವು ಹೀಗೇ ನಡೆದುಕೊಳ್ಳಬೇಕಿತ್ತು. ಹರಿದ ಅಂಗಿ, ಉಚಿತ ಶೂ ಪಡೆಯುವ ಕೈ, ಶಿಕ್ಷೆಗೆ ನಿಂತ ಹುಡುಗ, ಇವು ಯಾರ ಸ್ಟೇಟಸ್‌ಗೂ ಹೋಗಬಾರದು. ಮೊಬೈಲಿನಲ್ಲಿ ಸ್ಥಳದ ಗುರುತು ಚಾಲೂ ಇದ್ದರೆ ಫೋಟೋದ ಕಡತದೊಳಗೇ ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ ಎಲ್ಲವೂ ಸೇರಿಕೊಳ್ಳುತ್ತವೆ ಎಂಬುದು ಹಲವು ಶಿಕ್ಷಕರಿಗೆ ಗೊತ್ತಿರುವುದಿಲ್ಲ. ಕ್ಯಾಮೆರಾದ ಸೆಟ್ಟಿಂಗ್‌ಗೆ ಹೋಗಿ ಅದನ್ನು ಆಫ್ ಮಾಡಿಡಬೇಕು. ಹಾಗೆ ಆಫ್ ಮಾಡುವ ಮೊದಲು ಒಂದು ಫೋಟೋದ ವಿವರ ತೆರೆದು ಮಕ್ಕಳಿಗೆ ತೋರಿಸಿ. ಅದರೊಳಗೆ ತಮ್ಮ ಶಾಲೆಯ ಜಾಗವನ್ನು ಕಂಡ ಮಗು ಮನೆಗೆ ಹೋಗಿ ಅಕ್ಕ, ಅಣ್ಣಂದಿರಿಗೂ ಹೇಳುತ್ತದೆ.

ಈ ಕಾರಣಕ್ಕೇ ನನಗೆ ಮೊಬೈಲಿಗಿಂತ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾ ಇಷ್ಟ. ಅದರಲ್ಲಿ ಸಿಮ್ ಇಲ್ಲ, ಅಂತರ್ಜಾಲವಿಲ್ಲ, ಪಾಠದ ನಡುವೆ ಕರೆ ಬರುವುದಿಲ್ಲ, ಶಿಕ್ಷಕರ ಮನೆಯ ಫೋಟೋಗಳು ಮಕ್ಕಳ ಕಣ್ಣಿಗೆ ಬೀಳುವುದಿಲ್ಲ. ಕಾರ್ಡ್ ತೆಗೆದು ಶಾಲೆಯ ಕಂಪ್ಯೂಟರಿಗೆ ಹಾಕಿದರೆ ಆಯಿತು. ಊರಿನ ಹಲವು ಮನೆಗಳ ಬೀರುವಿನಲ್ಲಿ ಅಂಥದ್ದೊಂದು ಕೆಲಸವಿಲ್ಲದೆ ಕುಳಿತಿರುತ್ತದೆ, ಕೇಳಿದರೆ ಕೊಡುತ್ತಾರೆ. 40 ಮಕ್ಕಳಿಗೆ ಒಂದೇ ಕ್ಯಾಮೆರಾ ಸಾಕೇ ಎಂದರೆ ಸಾಕು. ಐದೈದು ಮಕ್ಕಳ ಗುಂಪು, ಗುಂಪಿಗೆ ಒಂದು ಸರದಿ. ಒಬ್ಬರು ತೆಗೆಯುವವರು, ಒಬ್ಬರು ಅಳತೆಪಟ್ಟಿ ಹಿಡಿಯುವವರು, ಒಬ್ಬರು ಬರೆಯುವವರು, ಉಳಿದವರು ತೆಗೆದದ್ದನ್ನು ಒಪ್ಪುವ ಅಥವಾ ತಿರಸ್ಕರಿಸುವ ಪರೀಕ್ಷಕರು. ಒಂದು ಗುಂಪಿಗೆ ಮೂರೇ ಫೋಟೋ. ನಾಲ್ಕನೆಯದು ಬೇಕಾದರೆ ಮೊದಲ ಮೂರರಲ್ಲಿ ಒಂದನ್ನು ಅಳಿಸಿ, ಏಕೆ ಅಳಿಸಿದೆವು ಎಂದು ಬರೆಯಬೇಕು.

ಮರುವರ್ಷ ಇನ್ನೊಂದು ತಂಡದೊಡನೆ ಹಂಪಿಗೆ ಹೋದಾಗ ಇದೇ ಕಟ್ಟಳೆ ಇತ್ತು. ರಟ್ಟಿನ ಡಬ್ಬಿಯ ಪಾಠ ಮುಗಿಸಿಕೊಂಡೇ ಹೋಗಿದ್ದೆವು. ಕತ್ತಲೆ ಕೋಣೆಯಲ್ಲಿ ಒಂದು ಗುಂಪು ಮೊದಲ ಫೋಟೋವನ್ನು ಕಿಂಡಿಗೇ ಖರ್ಚು ಮಾಡಿತು. ಎರಡನೆಯದರಲ್ಲಿ ತಲೆಕೆಳಗಾದ ಗೋಪುರದ ಪಕ್ಕ ಒಬ್ಬ ಹುಡುಗ ನೆಟ್ಟಗೆ ನಿಂತಿದ್ದಾನೆ, ಬಿಂಬದ ಎತ್ತರ ಅಳೆಯಲು ಅವನೇ ಅಳತೆಗೋಲು. ಮೂರನೆಯದರಲ್ಲಿ ಕಿಂಡಿಯಿಂದ ಗೋಡೆಯವರೆಗೆ ನೆಲದ ಮೇಲೆ ಸಾಲಾಗಿ ಇಟ್ಟ ನೋಟ್‌ಪುಸ್ತಕಗಳು. ಬಸ್ಸಿನಲ್ಲಿ ವಾಪಸು ಬರುವಾಗ ಸಮರೂಪ ತ್ರಿಭುಜಗಳ ಲೆಕ್ಕ ಹೂಡಿ ಗೋಪುರದ ಎತ್ತರ ಕಂಡುಹಿಡಿಯಲು ಕುಳಿತರು. ಕಿಂಡಿಯಿಂದ ಗೋಪುರಕ್ಕೆ ಇರುವ ದೂರವನ್ನು ಯಾರೂ ಅಳೆದಿರಲಿಲ್ಲ. ಪ್ರಾಕಾರದಲ್ಲಿ ಎಷ್ಟು ಹೆಜ್ಜೆ ನಡೆದೆವು ಎಂಬ ಜಗಳ ಹೊಸಪೇಟೆ ದಾಟಿದ ಮೇಲೂ ನಡೆದೇ ಇತ್ತು.